ಹುಳಿಮಣ್ಣಿನಲ್ಲಿ ದ್ವಿದಳ ಮೇವು: ಕರಾವಳಿಯ ಮುರಕಲ್ಲು ನೆಲದ ಸುಧಾರಣೆ

ಅಲಸಂಡೆ, ಸ್ಟೈಲೋ, ಗ್ಲಿರಿಸೀಡಿಯ ಮುಂತಾದ ದ್ವಿದಳ ಮೇವಿನ ಸಸ್ಯಗಳು ಬೇರುಗಂಟುಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಆಶ್ರಯ ಕೊಟ್ಟು, ಅವುಗಳ ಮೂಲಕ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತವೆ. ಹಸುವಿಗೆ ಪ್ರೋಟೀನ್, ನೆಲಕ್ಕೆ ಸಾರಜನಕ ಎರಡನ್ನೂ ಕೊಡುವ ಈ ಸಸ್ಯಗಳು ದಕ್ಷಿಣ ಕನ್ನಡದ ಗುಡ್ಡದ ನೆಲದಲ್ಲಿ ಮಾತ್ರ ಬಹಳ ಸಲ ಸೊರಗಿ ನಿಲ್ಲುತ್ತವೆ. ಮಂಗಳೂರಿನ ಉರ್ವದಲ್ಲಿ ಈ ಜಿಲ್ಲೆಯ ನೆಲದ ಸ್ವರೂಪವನ್ನು ಒಂದೇ ನಡಿಗೆಯಲ್ಲಿ ಕಾಣಬಹುದು. ಲೇಡಿಹಿಲ್, ಚಿಲಿಂಬಿಗಳ ಮುರಕಲ್ಲಿನ ಎತ್ತರ ಬೋಳೂರಿನ ಕಡೆಗೆ ಇಳಿಯುತ್ತ ಗುರುಪುರ ನದಿಯ ಮೆಕ್ಕಲು ಅಂಚನ್ನು ಮುಟ್ಟುತ್ತದೆ. ಮೇಲಿನದು ಕೆಂಪು, ಹುಳಿ, ಬಡ ಮಣ್ಣು. ಕೆಳಗಿನದು ಜೇಡಿ ಮತ್ತು ಮರಳು ಬೆರೆತ ತಗ್ಗು. ಇಂಥ ಮೇಲುನೆಲವನ್ನು ಮೇವಿಗೆ ಹದಗೊಳಿಸಬೇಕಾದರೆ ಹುಳಿಯನ್ನೆಲ್ಲ ಕಳೆಯುವ ಪ್ರಯತ್ನ ಬೇಕಿಲ್ಲ. ಅಲ್ಯೂಮಿನಿಯಂನ ವಿಷ ಅಡಗುವಷ್ಟು ಸುಣ್ಣ, ಕೊರತೆ ತೀರುವಷ್ಟು ರಂಜಕ, ಮತ್ತು ಕೊಯ್ದು ಒಯ್ದದ್ದನ್ನು ಹಟ್ಟಿಯಿಂದ ಅದೇ ನೆಲಕ್ಕೆ ಮರಳಿಸುವ ವ್ಯವಸ್ಥೆ, ಈ ಮೂರು ಒಟ್ಟಿಗೆ ನಡೆಯಬೇಕು. ಇವುಗಳಲ್ಲಿ ಕೊನೆಯದು ತಪ್ಪಿದರೆ ಮೊದಲಿನ ಎರಡೂ ಕೆಲವೇ ವರ್ಷಗಳಲ್ಲಿ ವ್ಯರ್ಥವಾಗುತ್ತವೆ.

ಮುರಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಫ್ರಾನ್ಸಿಸ್ ಬುಕಾನನ್‌ನಿಂದ. ಅವನು 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರಂ ಬಳಿ ಕಂಡ, ನೆಲದೊಳಗೆ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ವರ್ಣಿಸಿದ. ಅದು ಹುಟ್ಟುವುದೇ ಮಳೆಯ ತೊಳೆತದಿಂದ. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ 3500 ಮಿ.ಮೀ.ಗೂ ಮಿಕ್ಕಿದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಲಕ್ಷಾಂತರ ವರ್ಷ ಇಂಥ ಮಳೆ ಕಂಡ ನೆಲದಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷಿಯಂಗಳೂ ಸಿಲಿಕಾದ ಬಹುಭಾಗವೂ ಹರಿದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು, ಜೊತೆಗೆ ಪೋಷಕಾಂಶ ಹಿಡಿದಿಡುವ ಶಕ್ತಿ ತೀರ ಕಡಿಮೆ ಇರುವ ಕೆಯೊಲಿನೈಟ್ ಜೇಡಿ ಉಳಿದುಕೊಂಡವು. ಇಲ್ಲಿನ ಗುಡ್ಡದ ಮಣ್ಣಿನ ರಸಸಾರ (pH) ಸಾಮಾನ್ಯವಾಗಿ 4.5ರಿಂದ 5.5ರ ನಡುವೆ ಇರುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದಂತೆ ಅಲ್ಯೂಮಿನಿಯಂ ಕರಗಿ ಬೇರಿನ ಸುತ್ತಲಿನ ತೇವಕ್ಕೆ ಸೇರತೊಡಗುತ್ತದೆ. ಅದರ ಹಾವಳಿ ಎಲೆಗಿಂತ ಮೊದಲು ಬೇರಿನಲ್ಲಿ ಕಾಣುತ್ತದೆ. ಕಿತ್ತು ತೊಳೆದ ಬೇರಿನ ತುದಿ ಮೊಂಡಾಗಿ, ದಪ್ಪಗಾಗಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕವಲುಬೇರು ವಿರಳ, ರೋಮಬೇರು ಇಲ್ಲವೇ ಇಲ್ಲ ಎನ್ನುವಷ್ಟು. ಹೀಗೆ ಮೋಟಾದ ಬೇರು ಮೇಲಿನ ಒಂದು ಗೇಣು ಮಣ್ಣನ್ನು ದಾಟುವುದಿಲ್ಲ. ಆದ್ದರಿಂದ ಇಷ್ಟೊಂದು ಮಳೆ ಬೀಳುವ ಊರಿನಲ್ಲೂ ಮಳೆ ನಿಂತ ಕೆಲವೇ ವಾರಗಳಲ್ಲಿ ಮೇವು ಬಾಡುತ್ತದೆ. ನೀರಿನ ಕೊರತೆಯೆಂದು ಬೇಸಿಗೆಯ ಲೆಕ್ಕಕ್ಕೆ ಹಾಕುವ ನಷ್ಟದಲ್ಲಿ ದೊಡ್ಡ ಪಾಲು ನಿಜವಾಗಿ ಹುಳಿಯದು.

ಮಳೆಯೊಂದೇ ಗುಡ್ಡವನ್ನು ಬಡವಾಗಿಸಲಿಲ್ಲ. ತುಳುನಾಡಿನ ಬೇಸಾಯ ನೆಲವನ್ನು ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ವಿಂಗಡಿಸಿಕೊಂಡಿತ್ತು. ಏಣೇಲು, ಸುಗ್ಗಿ, ಕೊಳಕೆ ಎಂಬ ಭತ್ತದ ಬೆಳೆಗಳಿಗೆ ಬೇಕಾದ ಸೊಪ್ಪು, ತರಗೆಲೆ, ಹುಲ್ಲು ಎಲ್ಲವೂ ಮೇಲಿನ ಗುಡ್ಡದಿಂದ ಬರುತ್ತಿದ್ದವು. ಕೃಷಿಭೂಮಿಯ ಅಂಚಿನಿಂದ 100 ಗಜದವರೆಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ಕುಮ್ಕಿ ಸೌಲಭ್ಯ ಇದ್ದದ್ದೇ ಅದಕ್ಕಾಗಿ. ಗುಡ್ಡದ ಸೊಪ್ಪು ಹಟ್ಟಿಯಲ್ಲಿ ಹಾಸಾಗಿ, ಸೆಗಣಿ ಗಂಜಲದಲ್ಲಿ ನೆನೆದು, ಗೊಬ್ಬರವಾಗಿ ಗದ್ದೆಗೆ ಇಳಿಯುತ್ತಿತ್ತು. ತರಗೆಲೆಯೊಂದಿಗೆ ಮಣ್ಣು ಸುಟ್ಟು ಮಾಡುವ ಸುಡುಮಣ್ಣು ಬೂದಿಯ ಪೊಟ್ಯಾಷ್ ಮತ್ತು ಕ್ಷಾರವನ್ನು ತರಕಾರಿಯ ಬುಡಕ್ಕೆ ತಲುಪಿಸುತ್ತಿತ್ತು. ಬಹಳ ಜಾಣ್ಮೆಯ ಪದ್ಧತಿ ಇದು. ಆದರೆ ಅದರ ಹರಿವು ಒಂದೇ ದಿಕ್ಕಿನದು: ಗುಡ್ಡದಿಂದ ಬೈಲಿಗೆ. ತಲೆಮಾರುಗಳ ಕಾಲ ಗುಡ್ಡ ಕೊಟ್ಟಿತೇ ಹೊರತು ಅದಕ್ಕೆ ಹೆಚ್ಚೇನೂ ಮರಳಲಿಲ್ಲ. ಮುಳಿಹುಲ್ಲು ಮಾತ್ರ ಉಳಿದ ಪದವುಗಳು, ಅಂದರೆ ಗುಡ್ಡದ ಮೇಲಿನ ಬಯಲುಗಳು, ಕಾಣುವುದು ಇದರಿಂದಲೇ. ಈಗ ಮೇವು ಬೆಳೆಯಲು ಸಿಗುವ ನೆಲವೂ ಹೆಚ್ಚಾಗಿ ಅದೇ ಮೇಲುನೆಲ, ಇಲ್ಲವೇ ತೆಂಗಿನ ಮರಗಳ ನಡುವಿನ ಜಾಗ. ಅಲ್ಲಿ ಮೇವು ಬೆಳೆಯಬೇಕಾದರೆ ಹಳೆಯ ಹರಿವನ್ನು ತಿರುಗಿಸಬೇಕು.

ಗದ್ದೆಯ ಅನುಭವ ಈ ವಿಷಯದಲ್ಲಿ ದಾರಿ ತಪ್ಪಿಸಬಹುದು. ನೀರು ನಿಂತ ಗದ್ದೆಯಲ್ಲಿ ಗಾಳಿ ಆಡದೆ ಕಬ್ಬಿಣದ ಆಕ್ಸೈಡುಗಳು ರೂಪ ಬದಲಿಸುವಾಗ ಹುಳಿ ಬಳಕೆಯಾಗಿ, ಕೆಲವು ವಾರಗಳಲ್ಲಿ ರಸಸಾರ ತಾನಾಗಿಯೇ ತಟಸ್ಥದ ಹತ್ತಿರ ಏರುತ್ತದೆ. ಹಿಡಿದಿಟ್ಟಿದ್ದ ರಂಜಕವೂ ಸ್ವಲ್ಪ ಬಿಡುಗಡೆಯಾಗುತ್ತದೆ. ಆದ್ದರಿಂದ ಸುಣ್ಣ ಕಾಣದ ಗದ್ದೆಯಲ್ಲೂ ಭತ್ತ ಚೆನ್ನಾಗಿ ಬರುತ್ತದೆ. ನೀರು ಬಸಿದು ಉದ್ದು, ಹೆಸರು, ಅಲಸಂಡೆ ಬಿತ್ತುವ ಹೊತ್ತಿಗೆ ಗಾಳಿ ಒಳಹೊಕ್ಕು ಹುಳಿ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಭತ್ತಕ್ಕೆ ಒಳ್ಳೆಯದೆಂದು ಹೆಸರಾದ ಗದ್ದೆಯಲ್ಲಿ ಅಲಸಂಡೆ ಹಳದಿಯಾಗಿ ನಿಂತರೆ ಬೀಜವನ್ನು ದೂರುವ ಮೊದಲು ಬಸಿದ ಮಣ್ಣಿನ ರಸಸಾರವನ್ನು ಅಳೆಸಬೇಕು.

ಇಷ್ಟು ಕಷ್ಟಪಟ್ಟು ದ್ವಿದಳವನ್ನೇ ಏಕೆ ಬೆಳೆಯಬೇಕು, ಲಾರಿಯಲ್ಲಿ ಬರುವ ಬೈಹುಲ್ಲು ಮತ್ತು ಚೀಲದ ಹಿಂಡಿ ಸಾಲದೆ ಎಂಬ ಪ್ರಶ್ನೆ ಸಹಜ. ಬೈಹುಲ್ಲಿನಲ್ಲಿ ಪ್ರೋಟೀನ್ ಶೇ. 3ರಿಂದ 4ರಷ್ಟು ಮಾತ್ರ. ಮೇವಿನಲ್ಲಿ ಅದು ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದೆ ನಾರು ಸರಿಯಾಗಿ ಜೀರ್ಣವಾಗುವುದಿಲ್ಲ, ಹಸು ತಿನ್ನುವ ಪ್ರಮಾಣವೂ ತಗ್ಗುತ್ತದೆ. ಸ್ಟೈಲೋ, ಅಲಸಂಡೆಗಳ ಹಸಿರಿನಲ್ಲಿ ಒಣತೂಕದ ಲೆಕ್ಕಕ್ಕೆ ಶೇ. 12ರಿಂದ 18ರಷ್ಟು, ಗ್ಲಿರಿಸೀಡಿಯದ ಎಲೆಯಲ್ಲಿ ಶೇ. 20ರ ಆಸುಪಾಸು ಪ್ರೋಟೀನ್ ಇರುತ್ತದೆ. ಬೈಹುಲ್ಲಿನೊಂದಿಗೆ ಸ್ವಲ್ಪ ದ್ವಿದಳ ಸೊಪ್ಪು ಸೇರಿದರೆ ಆ ಬೈಹುಲ್ಲಿನ ಬೆಲೆಯೇ ಹೆಚ್ಚಿದಂತೆ. ಹಿಂಡಿಯೂ ಈ ಕೆಲಸ ಮಾಡುತ್ತದೆ, ಆದರೆ ಕಾಸು ಕೊಟ್ಟು. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಮೇವು ಹಿಂಡಿಗಳದೇ ದೊಡ್ಡ ಪಾಲು ಎಂಬುದು ಡೇರಿಗೆ ಹಾಲು ಹಾಕುವ ಪ್ರತಿ ಮನೆಗೂ ಗೊತ್ತು.

ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗಿಸುತ್ತದೆಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ 1886ರಲ್ಲಿ ತೋರಿಸಿಕೊಟ್ಟರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದ. ಹುಳಿಮಣ್ಣು ಈ ಸಂಬಂಧವನ್ನು ಹಲವು ಕಡೆ ಕಡಿಯುತ್ತದೆ. ಬ್ಯಾಕ್ಟೀರಿಯಾ ಬೇರಿನ ರೋಮಕ್ಕೆ ಅಂಟಿಕೊಳ್ಳಲು ಕ್ಯಾಲ್ಸಿಯಂ ಬೇಕು, ಗಂಟು ಬೆಳೆದು ಶಕ್ತಿ ಬಳಸಲು ರಂಜಕ ಬೇಕು, ಸಾರಜನಕವನ್ನು ಒಡೆಯುವ ಕಿಣ್ವದ ಒಳಗೆ ಮಾಲಿಬ್ಡಿನಂ ಬೇಕು. ಹುಳಿಯಲ್ಲಿ ಈ ಮೂರೂ ದುರ್ಲಭ. ಹೂ ಬಿಡುವ ಹೊತ್ತಿನ ಅಲಸಂಡೆ ಗಿಡವನ್ನು ಸಲಿಕೆಯಿಂದ ಮಣ್ಣುಸಮೇತ ಎತ್ತಿ, ನೀರಿನಲ್ಲಿ ಮೆಲ್ಲನೆ ಅಲುಗಿಸಿ, ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಸ್ಥಿತಿ ತಿಳಿಯುತ್ತದೆ. ಒಳಗೆ ನಸುಗೆಂಪು ಇದ್ದರೆ ಸಾರಜನಕ ಸ್ಥಿರೀಕರಣ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಗಂಟು ಹೆಸರಿಗೆ ಮಾತ್ರ; ಅದು ಗಿಡದ ಸಕ್ಕರೆ ತಿನ್ನುತ್ತದೆ, ಕೊಡುವುದೇನೂ ಇಲ್ಲ. ಹಾಗೆಂದು ಮುರಕಲ್ಲು ನೆಲ ದ್ವಿದಳಗಳ ಕುಲಕ್ಕೇ ವಿರೋಧಿಯಲ್ಲ. ಉರ್ವದ ರಸ್ತೆಬದಿಯಿಂದ ಪದವಿನವರೆಗೆ ಹಬ್ಬಿರುವ ಮುಟ್ಟಿದರೆ ಮುನಿ ಕೂಡ ದ್ವಿದಳವೇ. ಅದರ ಗಂಟಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಲ್ಲಿ ಅನೇಕವು 2001ರ ಬಳಿಕವಷ್ಟೇ ಗುರುತಿಸಲ್ಪಟ್ಟ ಬೇರೊಂದು ವರ್ಗದವು. ಹುಳಿಗೆ ಹೊಂದಿಕೊಂಡ ಗಿಡ ಮತ್ತು ಬ್ಯಾಕ್ಟೀರಿಯಾಗಳ ಜೋಡಿ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಸುಣ್ಣದ ವಿರುದ್ಧ ಬಲವಾದ ಆಕ್ಷೇಪ ಹುಟ್ಟುವುದೂ ಇಲ್ಲಿಂದಲೇ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಕೆಲಸ ಮಾಡಿದ ನಾರಿಸ್ 1950ರ ದಶಕದಲ್ಲಿ ಒಂದು ವಾದ ಮುಂದಿಟ್ಟ: ದ್ವಿದಳಗಳು ವಿಕಾಸಗೊಂಡದ್ದೇ ಮಳೆಯಿಂದ ತೊಳೆದ ಉಷ್ಣವಲಯದ ಹುಳಿನೆಲದಲ್ಲಿ; ಸುಣ್ಣ ಬೇಡುವ ಲೂಸರ್ನ್, ಕ್ಲೋವರ್‌ಗಳು ಯುರೋಪಿನ ಕಡೆಯ ಅಪವಾದಗಳು; ಅವುಗಳ ನಿಯಮವನ್ನು ಉಷ್ಣವಲಯದ ಮೇಲೆ ಹೇರಬಾರದು. ಈ ವಾದದಲ್ಲಿ ಹುರುಳಿದೆ. ದಕ್ಷಿಣ ಅಮೆರಿಕ ಮೂಲದ ಸ್ಟೈಲೋ ಅಲ್ಯೂಮಿನಿಯಂ ಇರುವ, ರಂಜಕ ಕಡಿಮೆ ಇರುವ ನೆಲದಲ್ಲಿ ಬೇರೂರುತ್ತದೆ, 6.5ಕ್ಕಿಂತ ಮೇಲಿನ ರಸಸಾರ ಬಯಸುವ ಕುದುರೆಮೆಂತೆಯನ್ನು, ಅಂದರೆ ಲೂಸರ್ನನ್ನು, ಕರಾವಳಿಯ ಗುಡ್ಡದಲ್ಲಿ ಬೆಳೆಸಲು ಹೊರಡುವುದು ಹಣ ಮತ್ತು ಸುಣ್ಣ ಎರಡನ್ನೂ ಮಳೆಗೆ ಸುರಿದಂತೆ. ಆದರೆ ತಾಳಿಕೊಳ್ಳುವುದು ಬೇರೆ, ತುಂಬು ಇಳುವರಿ ಕೊಡುವುದು ಬೇರೆ. ಸ್ಟೈಲೋಗೂ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಆಹಾರವಾಗಿ ಬೇಕು, ಅದನ್ನು ತಿನ್ನುವ ಕರುವಿಗೆ ಇನ್ನೂ ಹೆಚ್ಚು ಬೇಕು. ಮಣ್ಣಿನಲ್ಲಿಲ್ಲದ ಖನಿಜ ಎಲೆಯಲ್ಲಿ ಇರುವುದಿಲ್ಲ, ಎಲೆಯಲ್ಲಿಲ್ಲದ್ದು ಹಾಲಿಗೂ ಎಲುಬಿಗೂ ಬರುವುದಿಲ್ಲ. ಎಷ್ಟೋ ಕಡೆ ಸುಣ್ಣದ ಗುಣವೆಂದು ಕಂಡದ್ದು ಮಾಲಿಬ್ಡಿನಂನ ಗುಣ ಎಂಬುದೂ ನಿಜ. ದಕ್ಷಿಣ ಆಸ್ಟ್ರೇಲಿಯದಲ್ಲಿ ಆಂಡರ್ಸನ್ 1942ರಲ್ಲಿ ತೋರಿಸಿದಂತೆ, ಸೊರಗಿದ ದ್ವಿದಳ ಹುಲ್ಲುಗಾವಲು ಅತ್ಯಲ್ಪ ಪ್ರಮಾಣದ ಮಾಲಿಬ್ಡಿನಂನಿಂದಲೇ ಚೇತರಿಸಿಕೊಂಡಿತು. ನಾರಿಸ್‌ನ ಆಕ್ಷೇಪವನ್ನು ಒಪ್ಪಿಕೊಂಡಾಗ ಸುಣ್ಣದ ಪ್ರಮಾಣ ತಗ್ಗುತ್ತದೆ, ಅಗತ್ಯ ತಪ್ಪುವುದಿಲ್ಲ.

ಹಾಗಾದರೆ ಎಷ್ಟು ಸುಣ್ಣ? ಅಮೆರಿಕದ ಉತ್ತರ ಕೆರೊಲಿನದ ಕಾಂಪ್ರತ್ 1970ರಲ್ಲಿ ಸೂಚಿಸಿದ ಲೆಕ್ಕ ಉಷ್ಣವಲಯದ ಮಣ್ಣುಗಳಿಗೆ ಇಂದಿಗೂ ಉಪಯುಕ್ತ: ರಸಸಾರವನ್ನು 7ಕ್ಕೆ ಏರಿಸುವ ಗುರಿ ಬಿಟ್ಟು, ವಿನಿಮಯಗೊಳ್ಳಬಲ್ಲ ಅಲ್ಯೂಮಿನಿಯಂ ಎಷ್ಟಿದೆಯೋ ಅದರ ಒಂದೂವರೆ ಪಟ್ಟಿಗೆ ಸಮನಾದ ಸುಣ್ಣ ಕೊಡಬೇಕು. ಕಿಲೊ ಮಣ್ಣಿನಲ್ಲಿ 1 ಸೆಂಟಿಮೋಲ್ ಅಲ್ಯೂಮಿನಿಯಂ ಇದ್ದರೆ ಹೆಕ್ಟೇರಿನ ಮೇಲ್ಪದರಕ್ಕೆ ಸುಮಾರು ಒಂದೂವರೆ ಟನ್ ಸುಣ್ಣದಕಲ್ಲಿನ ಪುಡಿ. ಸೆಂಟ್ಸ್ ಲೆಕ್ಕದ ನಮ್ಮ ಕರಾವಳಿಯಲ್ಲಿ ಅದು ಸೆಂಟ್ಸಿಗೆ 6 ಕಿಲೊ. ಅರಳಿದ ಸುಣ್ಣವಾದರೆ ನಾಲ್ಕೂವರೆ ಕಿಲೊ ಸಾಕು, ಏಕೆಂದರೆ 100 ಕಿಲೊ ಸುಣ್ಣದಕಲ್ಲಿನ ಪುಡಿಯ ಕೆಲಸವನ್ನು 74 ಕಿಲೊ ಅರಳಿದ ಸುಣ್ಣ ಅಥವಾ 56 ಕಿಲೊ ಸುಟ್ಟ ಸುಣ್ಣ ಮಾಡುತ್ತದೆ. ಮೆಗ್ನೀಸಿಯಂ ಕೊರತೆಯೂ ಇರುವ ನೆಲಕ್ಕೆ ಡೋಲೊಮೈಟ್ ಹೆಚ್ಚು ಹೊಂದುತ್ತದೆ. ಇದಕ್ಕಿಂತ ಹೆಚ್ಚು ಸುರಿದರೆ ಸತು, ಬೋರಾನ್, ಮ್ಯಾಂಗನೀಸ್‌ಗಳು ಗಿಡಕ್ಕೆ ಸಿಗದಂತಾಗಿ ಹೊಸ ಕೊರತೆ ಹುಟ್ಟುತ್ತದೆ. ಬ್ರೆಜಿಲ್‌ನ ಸೆರಾಡೊ ಬಯಲಿನ ಹುಳಿನೆಲ ಸುಣ್ಣ ಮತ್ತು ರಂಜಕದಿಂದ ಕೃಷಿಭೂಮಿಯಾದದ್ದು ಜಗತ್ಪ್ರಸಿದ್ಧ. ಆ ಕೆಲಸಕ್ಕಾಗಿ ಲೊಬಾಟೊ, ಪಾವೊಲಿನೆಲಿ ಮತ್ತು ಮೆಕ್‌ಕ್ಲಂಗ್ ಅವರಿಗೆ 2006ರ ವಿಶ್ವ ಆಹಾರ ಪ್ರಶಸ್ತಿ ಬಂತು. ಅಲ್ಲಿನ ಸಮತಟ್ಟು ನೆಲ, ದೊಡ್ಡ ಯಂತ್ರಗಳು, ಇಲ್ಲಿನ ಅರ್ಧಕ್ಕೂ ಕಡಿಮೆ ಮಳೆ ಇವುಗಳನ್ನು ಮರೆತು ಅದರ ಪ್ರಮಾಣಗಳನ್ನು ಇಲ್ಲಿಗೆ ತರಲಾಗದು. ತತ್ತ್ವವನ್ನು ತರಬಹುದು.

ಇಷ್ಟು ಮಳೆಯಲ್ಲಿ ಸುಣ್ಣ ತೊಳೆದುಹೋಗುವುದಿಲ್ಲವೆ ಎಂದು ಕೃಷಿಕರು ಕೇಳುವುದುಂಟು. ಸ್ವಲ್ಪ ಹೋಗುತ್ತದೆ. ಆದರೆ ಮಣ್ಣಿನೊಡನೆ ಬೆರೆತ ಸುಣ್ಣ ಅಲ್ಯೂಮಿನಿಯಂ ಅನ್ನು ಕರಗದ ರೂಪಕ್ಕೆ ತಂದು ಆ ಜಾಗದಲ್ಲಿ ಕ್ಯಾಲ್ಸಿಯಂ ಕೂರಿಸುತ್ತದೆ. ಮುರಕಲ್ಲು ಮಣ್ಣಿನಲ್ಲಿ ರಸಸಾರ ಏರಿದಂತೆ ಪೋಷಕಾಂಶ ಹಿಡಿಯುವ ಶಕ್ತಿಯೇ ಹೆಚ್ಚುವುದರಿಂದ, ಹಾಕಿದ ಸುಣ್ಣ ತನ್ನ ಜಾಗವನ್ನು ತಾನೇ ವಿಸ್ತರಿಸಿಕೊಳ್ಳುತ್ತದೆ. ಮೇಲೆ ಎರಚಿ ಬಿಟ್ಟದ್ದು ಇಳಿಜಾರಿನಲ್ಲಿ ಕೊಚ್ಚಿಹೋಗುತ್ತದೆ, ಮಣ್ಣಿಗೆ ಬೆರೆಸಿದ್ದು ಉಳಿಯುತ್ತದೆ. ಬೇಸಿಗೆ ಮಳೆಗೆ ನೆಲ ಮೆತ್ತಗಾದಾಗ ಅರ್ಧ, ಮಳೆಗಾಲ ಇಳಿದ ಮೇಲೆ ಇನ್ನರ್ಧ ಎಂದು ಹಂಚಿ ಬೆರೆಸುವುದು ಈ ಹವೆಗೆ ಸರಿಹೊಂದುವ ಕ್ರಮ. ಸುಣ್ಣದ ಮೂಲಕ್ಕೆ ದೂರ ಹೋಗಬೇಕಿಲ್ಲ. ಕರಾವಳಿಯಲ್ಲಿ ಹಿಂದಿನಿಂದ ಬಳಕೆಯಲ್ಲಿರುವುದೇ ಚಿಪ್ಪುಸುಣ್ಣ. ಆದರೆ ಅದಕ್ಕಾಗಿ ಅಳಿವೆಯ ತಳ ಬಗೆಯುವುದು ಮರುವಾಯಿ ಎಂಬ ಚಿಪ್ಪುಜೀವಿಯ ನೆಲೆಯನ್ನೇ ಅಳಿಸುತ್ತದೆ, ಅದನ್ನು ಒಪ್ಪಲಾಗದು. ಅಡುಗೆಮನೆ, ಹೋಟೆಲುಗಳಲ್ಲಿ ಮರುವಾಯಿ ತಿಂದು ಎಸೆಯುವ ಚಿಪ್ಪು ಬಹುಪಾಲು ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್. ತೊಳೆದು ಒಣಗಿಸಿ ನುಣ್ಣಗೆ ಪುಡಿ ಮಾಡಿದರೆ ಸುಡದೆಯೇ ಮಣ್ಣಿಗೆ ಬಳಸಬಹುದು. ತರಿಯಾಗಿ ಉಳಿದರೆ ಮಾತ್ರ ಅದರ ಪರಿಣಾಮ ವರ್ಷಗಟ್ಟಲೆ ತಡವಾಗುತ್ತದೆ.

ರಂಜಕದ್ದು ಇನ್ನಷ್ಟು ಸೂಕ್ಷ್ಮ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಕರಗುವ ರಂಜಕವನ್ನು ಕಂಡೊಡನೆ ಹಿಡಿದುಕೊಳ್ಳುವುದರಿಂದ ಸೂಪರ್ ಫಾಸ್ಫೇಟನ್ನು ಎಲ್ಲ ಕಡೆ ಎರಚಿದರೆ ಬಹುಪಾಲು ಗಿಡದ ಪಾಲಿಗೆ ಕಳೆದುಹೋಗುತ್ತದೆ. ಸಾಲಿನಲ್ಲಿ, ಬೀಜದ ಬದಿಗೆ, ಹಟ್ಟಿಗೊಬ್ಬರದೊಂದಿಗೆ ಬೆರೆಸಿ ಕೊಡಬೇಕು; ಗೊಬ್ಬರದ ಸಾವಯವ ಆಮ್ಲಗಳು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕಿ ರಂಜಕವನ್ನು ಕಾಯುತ್ತವೆ. ಅಡಿಕೆ ಬೆಳೆಗಾರರಿಗೆ ಪರಿಚಿತವಾದ ರಾಕ್ ಫಾಸ್ಫೇಟ್ ಇಲ್ಲಿ ಅಗ್ಗದ, ಒಳ್ಳೆಯ ಆಯ್ಕೆ, ಏಕೆಂದರೆ ಅದನ್ನು ಕರಗಿಸುವುದು ಈ ಹುಳಿಯೇ. ಸುಣ್ಣ ಹಾಕಿ ಹುಳಿ ಕಳೆದ ಮೇಲೆ ರಾಕ್ ಫಾಸ್ಫೇಟ್ ಹಾಕಿದರೆ ಅದು ಕಲ್ಲಾಗಿಯೇ ಕೂರುತ್ತದೆ. ಮೊದಲು ರಾಕ್ ಫಾಸ್ಫೇಟ್, ಕೆಲವು ವಾರ ಬಿಟ್ಟು ಸುಣ್ಣ ಎಂಬ ಅನುಕ್ರಮ ತಪ್ಪಬಾರದು. ಇನ್ನು ಯೂರಿಯಾ, ಅಮೋನಿಯಂ ಸಲ್ಫೇಟ್‌ಗಳಿಗೆ ದ್ವಿದಳದ ಮಡಿಯಲ್ಲಿ ಕೆಲಸವಿಲ್ಲ. 100 ಕಿಲೊ ಯೂರಿಯಾ ಹುಟ್ಟಿಸುವ ಹುಳಿಯನ್ನು ಕಳೆಯಲು ಸುಮಾರು 80 ಕಿಲೊ, 100 ಕಿಲೊ ಅಮೋನಿಯಂ ಸಲ್ಫೇಟಿನದಕ್ಕೆ 110 ಕಿಲೊ ಸುಣ್ಣದಕಲ್ಲಿನ ಪುಡಿ ಬೇಕು; ಜೊತೆಗೆ ಗೊಬ್ಬರದ ಸಾರಜನಕ ಕಂಡ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಸಸ್ಯಗಳ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತೆಂಗಿನ ನಡುವೆ ಹೈಬ್ರಿಡ್ ನೇಪಿಯರ್ ಹುಲ್ಲು ಮತ್ತು ಸ್ಟೈಲೋ ಬೆಳೆಸಿ ಹಸು ಸಾಕುವ ಮಿಶ್ರ ಬೇಸಾಯವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ಪರೀಕ್ಷಿಸಿದೆ. ಮೇವಿನ ಪ್ರಶ್ನೆಗೇ ಮೀಸಲಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ವಲಯ ಕೇಂದ್ರ ಧಾರವಾಡದಲ್ಲಿದೆ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ಬಿತ್ತಬೇಕು. ಒಂದೇ ತಳಿಯನ್ನು ನಂಬಿ ಕೂರಬಾರದು, ಆಂಥ್ರಾಕ್ನೋಸ್ ರೋಗ 1970ರ ದಶಕದಲ್ಲಿ ಆಸ್ಟ್ರೇಲಿಯದ ಸ್ಟೈಲೋ ಹುಲ್ಲುಗಾವಲುಗಳನ್ನು ಹಾಳುಗೆಡವಿತು. ಅಲಸಂಡೆ ನೀರು ನಿಂತರೆ ಕೊಳೆಯುವುದರಿಂದ ಜೋರುಮಳೆ ಕಳೆದ ಮೇಲಿನ ಬೆಳೆ. ಬೇಲಿಗೆ ಗ್ಲಿರಿಸೀಡಿಯ, ಅಂದರೆ ಗೊಬ್ಬರದ ಗಿಡ. ವಾಸನೆಗೆ ಹಸು ಮೊದಲು ಮೂತಿ ತಿರುಗಿಸಿದರೂ ಒಂದು ದಿನ ಬಾಡಿಸಿ ಕೊಟ್ಟರೆ ಅಭ್ಯಾಸವಾಗುತ್ತದೆ. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ನೆಲಮುಚ್ಚಿಗೆಯಾಗಿ ಬಂದ ಪ್ಯೂರೇರಿಯ ಬಳ್ಳಿಯೂ ಹುಳಿ ತಾಳುತ್ತದೆ.

ಒಂದು ವಿಷಯವನ್ನು ದ್ವಿದಳದ ಪ್ರಚಾರಕರು ಸಾಮಾನ್ಯವಾಗಿ ಹೇಳುವುದಿಲ್ಲ: ದ್ವಿದಳವೇ ಮಣ್ಣನ್ನು ಹುಳಿಯಾಗಿಸುತ್ತದೆ. ಗಾಳಿಯಿಂದ ಸಾರಜನಕ ಪಡೆಯುವ ಗಿಡ ಮಣ್ಣಿನಿಂದ ಕ್ಯಾಲ್ಸಿಯಂ, ಪೊಟ್ಯಾಷಿಯಂಗಳನ್ನು ಹೆಚ್ಚಾಗಿ ಹೀರಿ, ಬದಲಿಗೆ ಬೇರಿನಿಂದ ಹುಳಿಯನ್ನು ಹೊರಬಿಡುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಕ್ಲೋವರ್ ಮತ್ತು ಸೂಪರ್ ಫಾಸ್ಫೇಟಿನಿಂದ ಸಮೃದ್ಧವಾದ ಹುಲ್ಲುಗಾವಲುಗಳ ಮಣ್ಣು ವರ್ಷ ಕಳೆದಂತೆ ಹುಳಿಯಾಗುತ್ತಿದೆ ಎಂದು 1950ರ ದಶಕದಲ್ಲೇ ವಿಲಿಯಮ್ಸ್ ಮತ್ತು ಡೊನಾಲ್ಡ್ ತೋರಿಸಿದರು. ಮೇವನ್ನು ಕೊಯ್ದು ಒಯ್ಯುವ ನಮ್ಮ ಪದ್ಧತಿಯಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಹೆಕ್ಟೇರಿನಿಂದ 8 ಟನ್ ಒಣಮೇವು ಹೊರಹೋದರೆ, ಅದರಲ್ಲಿ ಶೇ. 1.2 ಕ್ಯಾಲ್ಸಿಯಂ, ಶೇ. 1.5 ಪೊಟ್ಯಾಷಿಯಂ ಇದೆಯೆಂದು ಹಿಡಿದರೂ, ಸುಮಾರು 96 ಕಿಲೊ ಕ್ಯಾಲ್ಸಿಯಂ ಮತ್ತು 120 ಕಿಲೊ ಪೊಟ್ಯಾಷಿಯಂ ಹೋದಂತೆ. ಕ್ಯಾಲ್ಸಿಯಂ ಒಂದನ್ನೇ ಭರ್ತಿ ಮಾಡಲು 240 ಕಿಲೊ ಸುಣ್ಣದಕಲ್ಲಿನ ಪುಡಿ ಬೇಕು. ಇದರಲ್ಲಿ ಹಾಲಿನೊಂದಿಗೆ ಮನೆ ಬಿಡುವುದು ಸಣ್ಣ ಪಾಲು, ಉಳಿದದ್ದು ಸೆಗಣಿ ಗಂಜಲದಲ್ಲಿ ಹಟ್ಟಿಯಲ್ಲೇ ಇರುತ್ತದೆ; ಪೊಟ್ಯಾಷಿಯಂ ಹೆಚ್ಚಾಗಿ ಗಂಜಲದಲ್ಲಿ. ಆ ಗಂಜಲ ಚರಂಡಿಗೆ, ಗೊಬ್ಬರ ಅಡಿಕೆ ತೋಟಕ್ಕೆ ಹೋದರೆ ಮೇವಿನ ಮಡಿ ಹಳೆಯ ಗುಡ್ಡದ ಸ್ಥಿತಿಗೇ ಬರುತ್ತದೆ. ಗೋಬರ್ ಗ್ಯಾಸಿನ ಸ್ಲರಿ ಮೇವಿನ ಸಾಲಿಗೆ ಹರಿಯಬೇಕು. ಅಡಿಕೆಗೆ ಗೊಬ್ಬರ ಕೊಳ್ಳಲು ದುಡ್ಡಿದೆ, ಮೇವಿಗೆ ಯಾರೂ ಕೊಳ್ಳುವುದಿಲ್ಲ. ಆದ್ದರಿಂದ ಹಟ್ಟಿಯ ಗೊಬ್ಬರದಲ್ಲಿ ಮೊದಲ ಹಕ್ಕು ಮೇವಿನದಾಗಬೇಕು.

ಕಟ್ಟಡಗಳು ಎದ್ದ ಉರ್ವದಂಥ ಕಡೆ ಇದೆಲ್ಲ ಯಾರಿಗೆ ಎನ್ನಬಹುದು. ಹಿತ್ತಲಿನ ತೆಂಗು, ಆವರಣಗೋಡೆಯ ಅಂಚು, ಹಸು ಕಟ್ಟಿರುವ ಕೆಲವೇ ಮನೆಗಳು: ನಗರದೊಳಗಿನ ನೆಲ ಇಷ್ಟೇ ಎಂಬುದು ದಿಟ. ಆದರೆ ಇದೇ ಮಣ್ಣು ಬಜಪೆಯ ಪದವಿನಿಂದ ಬಂಟ್ವಾಳದ ಗುಡ್ಡಗಳವರೆಗೆ ಹರಡಿದೆ, ಹಾಲು ಬರುವುದೂ ಆ ಕಡೆಯಿಂದಲೇ. ನಗರದ ಹಿತ್ತಲಿಗೆ ಒಂದು ಎಚ್ಚರಿಕೆ ಮಾತ್ರ ಬೇರೆಯಾಗಿ ಬೇಕು. ಅಡಿಪಾಯ ತೋಡಿ ಮೇಲೆ ಹಾಕಿದ ಒಳಮಣ್ಣು ತೀರ ಹುಳಿಯಾಗಿರಬಹುದು, ಗಾರೆ ಸಿಮೆಂಟಿನ ಚೂರು ಬೆರೆತ ಗೋಡೆಬದಿಯ ಮಣ್ಣು ಅದಕ್ಕೆ ತದ್ವಿರುದ್ಧವಾಗಿ ಕ್ಷಾರವಾಗಿರಬಹುದು. ಅಳೆಯದೆ ಸುಣ್ಣ ಹಾಕುವುದು ಎರಡನೆಯ ಕಡೆ ಹಾನಿ. ಅಳೆಯುವ ವ್ಯವಸ್ಥೆಯಲ್ಲೂ ಕೊರತೆಯಿದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆ 12 ಅಂಶಗಳನ್ನು ತಿಳಿಸುತ್ತದೆ. ಅವುಗಳಲ್ಲಿ ರಸಸಾರ, ರಂಜಕ, ಬೋರಾನ್ ಇವೆ, ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಮಾಲಿಬ್ಡಿನಂ ಇಲ್ಲ. ಹುಳಿನೆಲದಲ್ಲಿ ದ್ವಿದಳದ ಅಳಿವು ಉಳಿವು ನಿಂತಿರುವುದು ಈ ನಾಲ್ಕರ ಮೇಲೆಯೇ. ಕರಾವಳಿ, ಮಲೆನಾಡಿನ ಜಿಲ್ಲೆಗಳ ಚೀಟಿಗೆ ಇವನ್ನು ಸೇರಿಸಬೇಕು. ಅಲ್ಲಿಯವರೆಗೆ ನೆಲವನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವ ಸುಲಭ ಕ್ರಮವೊಂದಿದೆ. ನಾಲ್ಕು ಪಟ್ಟಿ ಅಲಸಂಡೆ ಬಿತ್ತಿ, ಒಂದಕ್ಕೆ ಏನೂ ಕೊಡದೆ, ಒಂದಕ್ಕೆ ಸುಣ್ಣ, ಒಂದಕ್ಕೆ ರಾಕ್ ಫಾಸ್ಫೇಟ್, ಒಂದಕ್ಕೆ ಎರಡನ್ನೂ ಕೊಟ್ಟು, ಹೂ ಬಿಡುವ ಹೊತ್ತಿಗೆ ಬೇರು ಕಿತ್ತು ನೋಡಬೇಕು. ಸುಣ್ಣ ಬಿದ್ದ ಪಟ್ಟಿಗಳಲ್ಲಿ ಮಾತ್ರ ಬೇರು ಆಳಕ್ಕಿಳಿದಿದ್ದರೆ ಅಲ್ಯೂಮಿನಿಯಂ ಅಡ್ಡಿಯಾಗಿತ್ತು. ರಾಕ್ ಫಾಸ್ಫೇಟ್ ಪಟ್ಟಿಯೂ ಸುಣ್ಣದ ಪಟ್ಟಿಗೆ ಸಮಸಮ ನಿಂತಿದ್ದರೆ ರಂಜಕ ಸಿಕ್ಕರೆ ಸಾಕು, ಸುಣ್ಣವನ್ನು ಇನ್ನೂ ತಗ್ಗಿಸಬಹುದು. ಎರಡೂ ಕೊಟ್ಟ ಪಟ್ಟಿಯಲ್ಲೂ ಗಂಟಿನ ಒಳಗು ಬಿಳಿಯಾಗಿಯೇ ಇದ್ದರೆ ಮುಂದಿನ ಬಿತ್ತನೆಗೆ ಬೀಜಕ್ಕೆ ರೈಜೋಬಿಯಂ ಎಂಬ ಬೇರುಗಂಟಿನ ಬ್ಯಾಕ್ಟೀರಿಯಾ ಮತ್ತು ಚಿಟಿಕೆ ಮಾಲಿಬ್ಡಿನಂ ಲವಣ ಲೇಪಿಸಿ ಮತ್ತೆ ಪರೀಕ್ಷಿಸಬೇಕು.